ಸಾಸಿವೆ ಡಬ್ಬಿಯ ದುಡ್ಡು ಯಾರದ್ದು?

ಈ ಪ್ರಕರಣದಲ್ಲಿ ಹೆಸರು, ಊರು, ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಮನೆಯವರೆಲ್ಲರ ಒಪ್ಪಿಗೆ ಪಡೆದಿದ್ದೇನೆ.

ಇವರನ್ನು ಸುಮಿತ್ರಾ ಎಂದು ಕರೆಯೋಣ. ವಯಸ್ಸು 46. ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಮನೆ, ತವರು ಸಾಗರದ ಕಡೆ. ಗಂಡ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ತಿಂಗಳಿಗೆ 26 ಸಾವಿರ ಸಂಬಳ. ಮಗಳು ಬಿ.ಕಾಂ. ಕೊನೇ ವರ್ಷ, ಮಗ ಪಿಯುಸಿ. ಮನೆಯಲ್ಲಿ 74 ವರ್ಷದ ಅತ್ತೆ ಇದ್ದಾರೆ. ಮನೆ ಸ್ವಂತದ್ದು, ಅದರ ಸಾಲವೂ ತೀರಿದೆ. ಊಟಕ್ಕೆ, ಫೀಸಿಗೆ ತೊಂದರೆ ಇಲ್ಲ.

ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದವಳು ಮಗಳು, 2024ರ ಫೆಬ್ರವರಿಯಲ್ಲಿ. ಕೂತ ತಕ್ಷಣ ಕೇಳಿದಳು, ‘ಮೇಡಂ, ಜಿಪುಣತನಕ್ಕೆ ಔಷಧಿ ಇದ್ಯಾ? ನಮ್ಮಮ್ಮನಿಗೆ ಬೇಕು.’

ಅವಳು ಹೇಳಿದ್ದು ಒಂದು ಪ್ರವಾಸದ ಕಥೆ. ಸಂಕ್ರಾಂತಿ ರಜೆಯಲ್ಲಿ ಐದೂ ಜನ ಶೃಂಗೇರಿ, ಹೊರನಾಡಿಗೆ ಹೋಗಿದ್ದರು. ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಟಿಕೆಟ್ ಇಲ್ಲ, ಅಲ್ವಾ. ಹಾಗಾಗಿ ಇಡೀ ದಾರಿ ಫ್ರೀ ಬಸ್ಸಿನಲ್ಲೇ ಎಂದು ಅಮ್ಮ ತೀರ್ಮಾನ ಮಾಡಿದ್ದರು. ಬಸ್ಸು ಬದಲಿಸುತ್ತಾ, ರಜೆಯ ನೂಕುನುಗ್ಗಲಿನಲ್ಲಿ ಹೋಗಿದ್ದಾರೆ. ಮಂಡಿನೋವಿನ ಅಜ್ಜಿ ಒಂದು ಬಸ್ಸಿನಲ್ಲಿ ಚಿಕ್ಕಮಗಳೂರಿನವರೆಗೂ ನಿಂತೇ ಹೋಗಬೇಕಾಯಿತು. ಊಟಕ್ಕೆ ಮನೆಯಿಂದಲೇ ಬುತ್ತಿ. ಬೆಳಗಿನ ಜಾವ ನಾಲ್ಕಕ್ಕೆ ಕಟ್ಟಿದ ಮೊಸರನ್ನ ಮತ್ತು ಕಾಯಿಚಟ್ನಿ ರಾತ್ರಿಗೂ ಉಳಿದಿತ್ತು. ಚೆಲ್ಲುವುದಕ್ಕೆ ಅಮ್ಮ ಬಿಡಲಿಲ್ಲ. ಮಗ ತಿಂದ. ಮರುದಿನವೆಲ್ಲ ವಾಂತಿ, ಭೇದಿ. ಹೊರನಾಡಿನ ದರ್ಶನ ಆಯಿತು ಅನ್ನುವುದಷ್ಟೇ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಬಿಸಿ ಊಟ ಇದೆ. ಮಗ ಅಲ್ಲಿ ಎಲೆ ಮುಂದೆ ಕೂರಲೂ ಆಗದೆ ರೂಮಿನಲ್ಲಿ ಮಲಗಿದ್ದ.

‘ಉಳಿದಿದ್ದು ಎಷ್ಟು ಗೊತ್ತಾ ಮೇಡಂ? ಡಾಕ್ಟರ್ ಫೀಸು, ಡ್ರಿಪ್ಪು ಎಲ್ಲ ಸೇರಿ ಜಾಸ್ತಿನೇ ಖರ್ಚಾಯ್ತು. ಅದನ್ನೂ ಬರೆದಿಟ್ಟಿದ್ದಾರೆ.’

ಬರೆದಿಟ್ಟಿದ್ದು ಎಲ್ಲಿ ಎಂದು ಕೇಳಿದೆ. ಆಗ ಆ ಲೆಕ್ಕದ ಪುಸ್ತಕದ ವಿಷಯ ಬಂತು. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬಾ, ಪುಸ್ತಕ ತರುವುದು ಬಿಡುವುದು ಅವರಿಷ್ಟ ಎಂದೆ. ಸುಮಿತ್ರಾ ಬಂದರು. ಪುಸ್ತಕವನ್ನೂ ತಂದರು. ನನಗೆ ತೋರಿಸಲು ಅವರಿಗೆ ಸಂಕೋಚವೇ ಇರಲಿಲ್ಲ. ಅದು ಅವರ ಹೆಮ್ಮೆಯ ಪುಸ್ತಕ.

ನೂರು ಪುಟದ ನೋಟ್‌ಬುಕ್. ನೀಟಾದ ಅಕ್ಷರ. ದಿನಾಂಕ, ಸಾಮಾನು, ಬೆಲೆ. ಕೆಲವು ಸಾಲುಗಳ ಕೊನೆಗೆ ಕೆಂಪು ಪೆನ್ನಿನಲ್ಲಿ ‘ಬೇ’ ಎಂದು ಬರೆದಿದೆ. ಬೇ ಅಂದರೆ ಬೇಡವಾಗಿತ್ತು. ‘ಬ್ಯಾಟಿನ ಗ್ರಿಪ್ 60 – ಬೇ.’ ‘ಮಂಡಿಯಲ್ಲಿ ಇವರ ಟೀ 300 – ಬೇ.’ ಇನ್ನೊಂದು ಪುಟದಲ್ಲಿ ‘ಮಗಳ ಪ್ಯಾಡ್ 120 – ಬೇ?’ ಎಂದಿತ್ತು. ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಮಗಳು ಮನೆಯಲ್ಲಿ ಮಾತು ಬಿಟ್ಟಿದ್ದು ಈ ಸಾಲು ಓದಿದ ದಿನದಿಂದ. ಬಸ್ಸು, ಮೊಸರನ್ನ ಎಲ್ಲ ಆಮೇಲಿನ ಮಾತು.

ಇಂಥ ಪ್ರಕರಣಗಳಲ್ಲಿ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಅಭ್ಯಾಸವೋ, ಭಯವೋ? ನಿದ್ದೆ ಬರುತ್ತದಾ? ಎದೆ ಢವಢವ ಅನ್ನುತ್ತದಾ? ಸಾಮಾನು ಎಸೆಯಲು ಆಗದೆ ಮನೆಯಲ್ಲಿ ಓಡಾಡಲೂ ಜಾಗ ಇಲ್ಲದ ಹಾಗೆ ಆಗಿದೆಯಾ? ಬದುಕೇ ಬೇಸರ ಎನಿಸಿದೆಯಾ? ಸುಮಿತ್ರಾಗೆ ಊಟ ಸೇರುತ್ತಿತ್ತು, ಮನೆ ಅಚ್ಚುಕಟ್ಟು, ಖಿನ್ನತೆಯ ಲಕ್ಷಣ ಕಾಣಲಿಲ್ಲ. ಆದರೆ ರಾತ್ರಿ ಎರಡು ಮೂರಕ್ಕೆ ಎಚ್ಚರವಾಗಿ, ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದರು. ಯಾವ ಲೆಕ್ಕ ಎಂದರೆ, ‘ಇವರಿಗೆ ನಾಳೆ ಏನಾದ್ರೂ ಆದ್ರೆ ಎಷ್ಟು ತಿಂಗಳು ಸಾಗಬಹುದು ಅಂತ.’

ಆಮೇಲೆ ಅಡುಗೆಮನೆ ಬಗ್ಗೆ ಕೇಳಿದೆ. ಅವರ ಮುಖವೇ ಬದಲಾಯಿತು.

ಅವರ ವರ್ಷ ಶುರುವಾಗುವುದು ಹೊಸ ಹುಣಸೆಹಣ್ಣಿನಿಂದ. ಫೆಬ್ರವರಿ, ಮಾರ್ಚ್‌ನಲ್ಲಿ ಸಂತೆಗೆ ಹೊಸ ಹುಣಸೆ ಬಂದಾಗ ವರ್ಷಕ್ಕಾಗುವಷ್ಟು ತರುತ್ತಾರೆ. ಬೀಜ, ನಾರು ತೆಗೆದು, ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ ಉಂಡೆ ಕಟ್ಟಿ ಭರಣಿಗೆ ತುಂಬುತ್ತಾರೆ. ಬೀಜವನ್ನು ಮಾರುತ್ತಾರೆ. ಮೆಣಸಿನಕಾಯಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಏಪ್ರಿಲ್ ಬಿಸಿಲಿಗೆ ಅರಳು ಸಂಡಿಗೆ, ಸಬ್ಬಕ್ಕಿ ಸಂಡಿಗೆ. ಮಜ್ಜಿಗೆ ಮೆಣಸಿನಕಾಯಿಯನ್ನು ಹೇಗೆ ಮಾಡುತ್ತಾರೆ ಎಂದು ಕೈ ಸನ್ನೆಯಲ್ಲೇ ತೋರಿಸಿದರು. ಕಾಯಿಯನ್ನು ತುದಿ ಬಿಟ್ಟು ಸೀಳಬೇಕು. ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಬೇಕು. ಹಗಲು ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಕಾಯಿ ಮಜ್ಜಿಗೆಯನ್ನೆಲ್ಲ ಕುಡಿದು ಪಾತ್ರೆ ಖಾಲಿಯಾಗುವವರೆಗೂ ಹೀಗೇ. ಆಮೇಲೆ ಗರಿಗರಿ ಒಣಗಿಸಿದರೆ ವರ್ಷ ಇಟ್ಟರೂ ಏನೂ ಆಗಲ್ಲ.

ತವರಿನಿಂದ ಬರುವ ಮಾವಿನ ಮಿಡಿ ಅವರ ಪಾಲಿಗೆ ದೊಡ್ಡ ಹಬ್ಬ. ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಬೇಕು, ಸೊನೆ ಒಳಗೇ ಇರಬೇಕು, ಪರಿಮಳ ಇರುವುದು ಅದರಲ್ಲೇ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಅವರ ಅಳತೆ ನಾಲ್ಕು ಸೇರಿಗೆ ಒಂದು ಸೇರು ಉಪ್ಪು. ಮಿಡಿ ಚೆನ್ನಾಗಿ ಸುರುಟಿ ನೀರು ಬಿಟ್ಟ ಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸಿನಪುಡಿ ಕಲಸುತ್ತಾರೆ. ‘ಉಪ್ಪಿಗೆ ಜಿಪುಣತನ ಮಾಡಿದ್ರೆ ಉಪ್ಪಿನಕಾಯಿ ಕೆಡತ್ತೆ ಮೇಡಂ’ ಎಂದು ಅವರೇ ಹೇಳಿದರು.

ಸೊಪ್ಪು, ಕಾಳು ಬೇಯಿಸಿದರೆ ಅದರ ಕಟ್ಟಿನಲ್ಲಿ ಬಸ್ಸಾರು, ಬಸಿದ ಸೊಪ್ಪು ಕಾಳಿನಲ್ಲಿ ಪಲ್ಯ. ಒಂದೇ ಒಲೆ, ಎರಡು ಅಡುಗೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ. ಕಾಳುಗಳನ್ನು ರಾತ್ರಿ ನೆನೆಸದೆ ಕುಕ್ಕರಿಗೆ ಹಾಕುವುದೇ ಇಲ್ಲ, ಗ್ಯಾಸ್ ಉಳಿಯುತ್ತದೆ. ಟೊಮ್ಯಾಟೊ ಬೆಲೆ ಬಿದ್ದಾಗ ಒಂದು ಕ್ರೇಟ್ ತಂದು ಹೆಚ್ಚಿ, ಉಪ್ಪು ಸವರಿ ಒಣಗಿಸಿಡುತ್ತಾರೆ. 2023ರ ಜುಲೈನಲ್ಲಿ ಟೊಮ್ಯಾಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ಅವರ ಮನೆಯ ಸಾರಿನಲ್ಲಿ ಟೊಮ್ಯಾಟೊ ಇತ್ತು.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಮಗಳು ಕಾಯಿಲೆ ಎಂದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ವಿದ್ಯೆ. ಅದನ್ನು ಬಿಡಿಸುವುದು ನನ್ನ ಕೆಲಸ ಅಲ್ಲ. ಬಿಡಿಸಿದರೆ ಆ ಮನೆಗೆ ನಷ್ಟ. ವಿದ್ಯೆ ಎಲ್ಲಿ ನಿಂತು ಭಯ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದಷ್ಟೇ ನನ್ನ ಕೆಲಸವಾಗಿತ್ತು.

ಗುರುತು ಸಿಗಲು ತಡವಾಗಲಿಲ್ಲ. ಅತ್ತೆಯ ಬಿ.ಪಿ. ಮಾತ್ರೆ ಪ್ರತಿದಿನ ಕೊಡುತ್ತೀರಾ ಎಂದು ಕೇಳಿದೆ. ಸುಮಿತ್ರಾ ತಲೆ ತಗ್ಗಿಸಿದರು. ‘ದಿನ ಬಿಟ್ಟು ದಿನ. ಅವರಿಗೆ ಈಗ ಪರವಾಗಿಲ್ಲ ಅಲ್ವಾ ಅಂತ.’ ಬೂಸ್ಟು ಹಿಡಿದ ಶೇಂಗಾವನ್ನು ತೊಳೆದು ಹುರಿದು ಚಟ್ನಿಪುಡಿ ಮಾಡಿದ್ದರು. ಕರಿದ ಎಣ್ಣೆ ಕಪ್ಪಾಗುವವರೆಗೂ ಮತ್ತೆ ಮತ್ತೆ ಕರಿಯುತ್ತಿದ್ದರು.

ಉಪ್ಪಿನಕಾಯಿ ಜಾಡಿ ತುಂಬಿಸುವ ಹೆಂಗಸು ಯಾಕೆ ಮಾತ್ರೆ ಉಳಿಸಲು ಹೊರಟರು? ‘ಯಾವಾಗಿಂದ ಹೀಗೆ?’ ಎಂದು ಕೇಳಿದೆ. ಮಗಳನ್ನು ಹೊರಗೆ ಕೂರಲು ಹೇಳಿ ಎಂದರು.

2016ರ ನವೆಂಬರ್ 8ರ ರಾತ್ರಿಯಿಂದ. 500, 1,000ದ ನೋಟು ಇನ್ನು ನಡೆಯಲ್ಲ ಎಂದು ಟಿ.ವಿ.ಯಲ್ಲಿ ಬಂದ ರಾತ್ರಿ. ಸುಮಿತ್ರಾ ಹತ್ತಿರ ಆಗ 43,500 ರೂಪಾಯಿ ಇತ್ತು. ಮದುವೆಯಾದಾಗಿನಿಂದ ಮನೆಖರ್ಚಿನಲ್ಲಿ ಉಳಿಸಿದ್ದು. ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ಹಳೇ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದು. ಅವರ ಹೆಸರಲ್ಲಿ ಬ್ಯಾಂಕ್ ಖಾತೆ ಇರಲಿಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ಎಲ್ಲರೂ ಊಟಕ್ಕೆ ಕೂತಾಗ ತಂದು ಗಂಡನ ಮುಂದೆ ಇಟ್ಟರು.

ಮನೆಮಂದಿಯೆಲ್ಲ ನಕ್ಕರು. ‘ನಮ್ಮ ಮನೇಲೂ ಕಪ್ಪು ಹಣ ಇತ್ತು ನೋಡಿ’ ಎಂದು ಗಂಡನ ತಮ್ಮ ಹೇಳಿದರು. ದುಡ್ಡು ಗಂಡನ ಖಾತೆಗೆ ಹೋಯಿತು. ಮೂರು ತಿಂಗಳಲ್ಲಿ ಅದೇ ತಮ್ಮನ ಟ್ರ್ಯಾಕ್ಟರ್ ಕಂತಿಗೆ ಹೋಯಿತು. ವಾಪಸ್ ಬರಲಿಲ್ಲ. ಯಾರೂ ಕೇಳಲೂ ಇಲ್ಲ.

‘ಅದು ಮಗಳ ಹೆಸರಲ್ಲಿ ಚಿನ್ನ ತಗೊಳ್ಳೋಣ ಅಂತ ಇಟ್ಟಿದ್ದು ಮೇಡಂ.’

ಆಮೇಲೆ ಮತ್ತೆ ಉಳಿಸಲು ಶುರು ಮಾಡಿದರು, ಈ ಸಲ ಇನ್ನೂ ಬಿಗಿಯಾಗಿ. ಜಾಗ ಕಮ್ಮಿ ಸಾಕು ಎಂದು ಸೇರಿದ್ದನ್ನೆಲ್ಲ 2,000ದ ನೋಟು ಮಾಡಿಸಿ ಇಟ್ಟರು. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಆ ನೋಟನ್ನೂ ಹಿಂದಕ್ಕೆ ಪಡೆಯುವುದಾಗಿ ಹೇಳಿತು. ಬ್ಯಾಂಕಿನಲ್ಲಿ ಕೊಡಲು ಅಕ್ಟೋಬರ್ 7ರವರೆಗೆ ಸಮಯ ಇತ್ತು. ಮನೆಯಲ್ಲಿ ಹೇಳಿದರೆ ಮತ್ತೆ ನಗುತ್ತಾರೆ, ಮತ್ತೆ ಹೋಗುತ್ತದೆ. ಹೇಳಲಿಲ್ಲ. ದಿನ ಮುಗಿಯಿತು. ನನ್ನ ಹತ್ತಿರ ಬಂದಾಗ 11 ನೋಟು ಡಬ್ಬಿಯಲ್ಲೇ ಇದ್ದವು. 22 ಸಾವಿರ ಕಾಗದವಾಯಿತು ಎಂದು ಅವರು ನಂಬಿದ್ದರು. ‘ಬೇ’ ಎಂದು ಬರೆಯುವುದು ಶುರುವಾಗಿದ್ದು, ಮಾತ್ರೆ ದಿನ ಬಿಟ್ಟು ದಿನ ಆಗಿದ್ದು ಆ ಅಕ್ಟೋಬರ್‌ನಿಂದ. ಹೋದ 22 ಸಾವಿರವನ್ನು ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಕೂಡಿಸುತ್ತಿದ್ದರು.

ಇದನ್ನು ಕೇಳಿದ ಮೇಲೆ ಜಿಪುಣತನ ಎಂಬ ಮಾತನ್ನು ನಾವ್ಯಾರೂ ಮತ್ತೆ ಬಳಸಲಿಲ್ಲ.

ಮೊದಲ ಸಲಹೆ ಆ ದಿನವೇ ಕೊಟ್ಟೆ. ನೋಟು ಕಾಗದವಾಗಿಲ್ಲ. 2,000ದ ನೋಟಿನ ಮಾನ್ಯತೆ ರದ್ದಾಗಿಲ್ಲ, ಸಾಮಾನ್ಯ ಬ್ಯಾಂಕುಗಳು ತೆಗೆದುಕೊಳ್ಳುವುದನ್ನು ನಿಲ್ಲಿಸಿವೆ ಅಷ್ಟೇ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋಗಿ ಕೊಡಬಹುದು. ಇಲ್ಲವೇ ಅರ್ಜಿ, ಗುರುತಿನ ಚೀಟಿಯ ಪ್ರತಿ, ಖಾತೆಯ ವಿವರ ಜೊತೆಗಿಟ್ಟು ಅಂಚೆ ಕಚೇರಿಯ ಮೂಲಕ ಕಳಿಸಬಹುದು. ದುಡ್ಡು ಖಾತೆಗೆ ಜಮಾ ಆಗುತ್ತದೆ. ಖಾತೆ ಮಾತ್ರ ಅವರ ಹೆಸರಿನಲ್ಲೇ ಇರಬೇಕು. ಸುಮಿತ್ರಾ ಮಾತಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲಿ ಖಾತೆ ತೆರೆಯುವುದು ಒಳ್ಳೆಯದು ಎಂದು ಕೇಳಿದರು.

ಎರಡನೆಯದು ಮಾತ್ರೆ. ಇದರಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಬಿ.ಪಿ. ಮಾತ್ರೆ ಬಿಟ್ಟು ಬಿಟ್ಟು ತಗೊಂಡರೆ ಒತ್ತಡ ಒಮ್ಮೆಲೇ ಏರಿ ಪಾರ್ಶ್ವವಾಯು ಆಗಬಹುದು. ಅಲ್ಲಿ ಉಳಿತಾಯ ಬೇಕೆಂದರೆ ದಾರಿ ಬೇರೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಬ್ರ್ಯಾಂಡಿನ ಮಾತ್ರೆಗಿಂತ ತುಂಬಾ ಕಡಿಮೆಗೆ ಸಿಗುತ್ತದೆ. ಡಾಕ್ಟರಿಗೆ ಚೀಟಿ ತೋರಿಸಿ ಕೇಳಿ, ಮಾತ್ರೆ ಬದಲಿಸುವುದಾದರೆ ಅವರೇ ಬದಲಿಸಲಿ ಎಂದೆ. ಅದೇ ವಾರ ಅತ್ತೆಯನ್ನು ತೋರಿಸಿಕೊಂಡು ಬಂದರು.

ಅಡುಗೆಯ ವಿಷಯದಲ್ಲಿ ಅವರಿಗೆ ಪಾಠ ಹೇಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ಕೆಲವು ಗಡಿ ಹಾಕಿಕೊಟ್ಟೆ. ಉಪ್ಪಿನಕಾಯಿ ಉಳಿಯುವುದು ಉಪ್ಪು, ಹುಳಿ ಜಾಸ್ತಿ ಇರುವುದರಿಂದ. ಸಂಡಿಗೆ ಉಳಿಯುವುದು ಅದರಲ್ಲಿ ನೀರೇ ಇಲ್ಲದ್ದರಿಂದ. ಅನ್ನಕ್ಕೆ ಈ ಎರಡು ರಕ್ಷಣೆಯೂ ಇಲ್ಲ. ಬೆಂದ ಅನ್ನವನ್ನು ಹೊರಗೆ ಹಾಗೇ ಬಿಟ್ಟರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ವಿಷ ಉಂಟುಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಉಳಿದ ಅನ್ನ, ಸಾರು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಬೂಸ್ಟು ಹಿಡಿದ ಶೇಂಗಾ, ಕೊಬ್ಬರಿ ತೊಳೆದರೂ ಹುರಿದರೂ ಶುದ್ಧವಾಗುವುದಿಲ್ಲ, ಅದರ ವಿಷ ಯಕೃತ್ತಿಗೆ ಕೆಟ್ಟದ್ದು. ಎಸೆಯಲೇಬೇಕು. ಉಪ್ಪಿನಕಾಯಿ ಮೇಲೆ ಬೂಸ್ಟು ಕಂಡರೆ ಮೇಲಿನ ಪದರ ಮಾತ್ರ ತೆಗೆದು ಉಳಿದದ್ದು ಬಳಸುವ ರೂಢಿಯನ್ನೂ ಬಿಡಿ ಎಂದೆ. ಈ ಮಾತು ಅವರಿಗೆ ಇಷ್ಟವಾಗಲಿಲ್ಲ. ‘ನಮ್ಮ ಅಜ್ಜಿ ಹಾಗೇ ಮಾಡ್ತಿದ್ರು’ ಎಂದರು. ಅಜ್ಜಿಯ ಜಾಡಿಯಲ್ಲಿ ಬೂಸ್ಟು ಯಾಕೆ ಅಪರೂಪವಾಗಿತ್ತು ಎಂದು ನೀವೇ ಹೇಳಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಒದ್ದೆ ಸೌಟು ಹಾಕಿದ್ರೆ ಬೈಯ್ತಿದ್ರು’ ಎಂದು ಒಪ್ಪಿಕೊಂಡರು.

ಎಣ್ಣೆಗೆ ಒಂದು ಸುಲಭ ಉಪಾಯ ಅವರೇ ಕಂಡುಕೊಂಡರು. ಕರಿಯಲು ದೊಡ್ಡ ಬಾಣಲೆ ಬಿಟ್ಟು ಆಳವಾದ ಚಿಕ್ಕದು ತಂದರು. ಎಣ್ಣೆಯೇ ಕಡಿಮೆ ಬೇಕು, ಉಳಿಯುವುದೂ ಕಡಿಮೆ. ಉಳಿದದ್ದನ್ನು ಸೋಸಿ ಬೇಗ ಒಗ್ಗರಣೆಗೆ ಮುಗಿಸುತ್ತಾರೆ.

ಇಷ್ಟಾದ ಮೇಲೆ ಗಂಡನನ್ನು ಕರೆಸಿದೆ. ಒಳ್ಳೆಯ ಮನುಷ್ಯ. ಕುಡಿತ ಇಲ್ಲ, ಜೂಜು ಇಲ್ಲ, ಸಂಬಳ ತಂದು ಹೆಂಡತಿ ಕೈಗೆ ಕೊಡುತ್ತಾರೆ. 43,500ರ ಮಾತು ತೆಗೆದಾಗ ನಿಜವಾಗಿಯೂ ಆಶ್ಚರ್ಯಪಟ್ಟರು. ‘ಅದು ನಾನು ಕೊಟ್ಟ ದುಡ್ಡಲ್ಲೇ ಉಳಿಸಿದ್ದು ತಾನೇ? ಮನೆ ದುಡ್ಡು ಮನೆಗೆ ಹೋಯ್ತು.’

ಈ ಮಾತನ್ನು ನಾನು ಎಷ್ಟೋ ಗಂಡಸರ ಬಾಯಲ್ಲಿ ಕೇಳಿದ್ದೇನೆ. ಸುಳ್ಳು ಹೇಳುತ್ತಿರುವುದಿಲ್ಲ, ಹಾಗೆಂದೇ ನಂಬಿರುತ್ತಾರೆ. ವಾದ ಮಾಡಿದರೆ ಪ್ರಯೋಜನ ಇಲ್ಲ. ಇವರು ಲೆಕ್ಕ ಬರೆಯುವವರಲ್ಲವೇ? ಹಾಗಾಗಿ ಒಂದು ಹಾಳೆ ಕೊಟ್ಟು ಒಂದು ಕೆಲಸ ಹೇಳಿದೆ. ನಿಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಸಾರಿನಪುಡಿ, ಎಷ್ಟು ಉಪ್ಪಿನಕಾಯಿ, ಎಷ್ಟು ಸಂಡಿಗೆ ಹಪ್ಪಳ, ಎಷ್ಟು ಚಟ್ನಿಪುಡಿ ಖರ್ಚಾಗುತ್ತದೆ ಬರೆಯಿರಿ. ಪಕ್ಕದಲ್ಲಿ ಅಂಗಡಿಯ ಬೆಲೆ ಬರೆಯಿರಿ. ಕಚ್ಚಾ ಸಾಮಾನಿನ ಖರ್ಚು ಕಳೆಯಿರಿ. ಮುಂದಿನ ವಾರ ತನ್ನಿ.

ತಂದರು. ಮಂಡಿಯ ಚೀಟಿಯಷ್ಟೇ ಅಚ್ಚುಕಟ್ಟಾಗಿ ಗೆರೆ ಹಾಕಿದ ಹಾಳೆ. ಪುಡಿಗಳು ಒಂದು ಕಡೆ, ಒಣಗಿಸಿದ್ದು ಒಂದು ಕಡೆ, ಹಳೇ ಪ್ಯಾಂಟಿನಿಂದ ಹೊಲಿದ ಸಂತೆಚೀಲವನ್ನೂ ಬಿಟ್ಟಿರಲಿಲ್ಲ. ಕೊನೆಯಲ್ಲಿ ವರ್ಷಕ್ಕೆ 19,400 ಎಂದು ಬರೆದು ಅಡಿಗೆರೆ ಎಳೆದಿದ್ದರು. ಹೆಂಡತಿಯ ಕೂಲಿ ಸೇರಿಸಿಲ್ಲ ಎಂದು ಅವರೇ ಹೇಳಿದರು. ಆ ಹಾಳೆಯನ್ನು ಸುಮಿತ್ರಾ ಕೈಗೆ ಕೊಟ್ಟು, ‘ಟ್ರ್ಯಾಕ್ಟರಿಗೆ ಕೊಟ್ಟಿದ್ದು ತಪ್ಪಾಯ್ತು. ಕೇಳಬೇಕಿತ್ತು’ ಎಂದರು. ಸುಮಿತ್ರಾ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ‘ಹುರಿಹಿಟ್ಟು ಬಿಟ್ಟಿದೀರ’ ಎಂದರು.

ಆ ಕೂತಲ್ಲೇ ಒಪ್ಪಂದ ಆಯಿತು. 43,500 ಗಂಡನ ಸಾಲ. ತಮ್ಮನಿಂದ ಬರುತ್ತದೋ ಇಲ್ಲವೋ ಅದು ಗಂಡನಿಗೆ ಬಿಟ್ಟದ್ದು. ತಿಂಗಳಿಗೆ ಸಾವಿರದಂತೆ ಸುಮಿತ್ರಾ ಖಾತೆಗೆ ಹಾಕಬೇಕು. ಖಾತೆಯನ್ನು ಅಂಚೆ ಕಚೇರಿಯಲ್ಲಿ ತೆರೆದರು. ಜೊತೆಗೆ ತಿಂಗಳಿಗೆ 500ರಂತೆ ಐದು ವರ್ಷದ ಆರ್.ಡಿ., ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ. ಅದನ್ನು ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು. ನಾಮಿನಿ ಮಗಳು. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಗಂಡನ ಖಾತೆ, ವಿಮೆ, ಪಿ.ಎಫ್. ಎಲ್ಲೆಲ್ಲಿ ಏನೇನಿದೆ, ನಾಮಿನಿ ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಹೆಂಡತಿಗೆ ಕೊಡಬೇಕು. ರಾತ್ರಿ ಮೂರು ಗಂಟೆಗೆ ಎದ್ದು ಹಾಕುವ ಲೆಕ್ಕಕ್ಕೆ ಬೇಕಾಗಿದ್ದ ಅಂಕಿಗಳು ಅವರ ಹತ್ತಿರ ಇರಲೇ ಇಲ್ಲ. ವಿಮೆ ಇದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಗೃಹಲಕ್ಷ್ಮಿಯ ಎರಡು ಸಾವಿರದ ಮಾತೂ ಬಂತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ದುಡ್ಡು ಬರುವುದು ಅವರ ಖಾತೆಗೆ, ತೆಗೆದು ಮನೆಖರ್ಚಿಗೆ ಸೇರಿಸುತ್ತಿದ್ದುದು ಸುಮಿತ್ರಾ. ‘ನನ್ನ ದುಡ್ಡು ಹೋಯ್ತು ಅಂತ ಏಳು ವರ್ಷ ಅತ್ತಿದೀರಿ. ಅತ್ತೆಯನ್ನ ಒಂದು ಮಾತು ಕೇಳಿದೀರಾ?’ ಎಂದೆ. ಇಲ್ಲ. ಕೇಳಿದಾಗ ಅತ್ತೆ 1,500 ಮನೆಗೆ ಇಟ್ಟುಕೋ, 500 ನನಗೆ ಇರಲಿ ಎಂದರು. ಆ 500ರಲ್ಲಿ ಮೊದಲ ತಿಂಗಳು ಮೊಮ್ಮಗನ ಬ್ಯಾಟಿಗೆ ಹೊಸ ಗ್ರಿಪ್ ಬಂತು. ಅದರ ಪಕ್ಕ ಯಾರೂ ಏನೂ ಬರೆಯಲಿಲ್ಲ.

ಲೆಕ್ಕದ ಪುಸ್ತಕ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಕೆಂಪು ಪೆನ್ನು ಮಾತ್ರ ಬೇಡ ಎಂದೆ. ಬೇಕು ಬೇಡ ಎಂದು ಒಬ್ಬರೇ ಕೂತು ತೀರ್ಪು ಬರೆದರೆ, ಓದುವ ಉಳಿದವರು ಅಪರಾಧಿಗಳ ಹಾಗೆ ಆಗುತ್ತಾರೆ. ತಿಂಗಳ ಮೊದಲ ಭಾನುವಾರ ಐದೂ ಜನ ಕೂತು ಆ ತಿಂಗಳ ಖರ್ಚು ತೀರ್ಮಾನ ಮಾಡಲಿ. ಪ್ಯಾಡ್, ಔಷಧಿ, ಕನ್ನಡಕ, ಫೀಸು ಇವು ಚರ್ಚೆಗೇ ಬರಬಾರದು. ಜೊತೆಗೆ ಪ್ರತಿಯೊಬ್ಬರಿಗೂ ಲೆಕ್ಕ ಕೇಳಬಾರದ ಒಂದಿಷ್ಟು ದುಡ್ಡು. ಮಗಳಿಗೆ 300, ಮಗನಿಗೆ 200, ಗಂಡನಿಗೆ ಟೀ ಸೇರಿ 500, ಸುಮಿತ್ರಾಗೂ 500.

ತಮ್ಮ 500 ಖರ್ಚು ಮಾಡುವುದು ಸುಮಿತ್ರಾಗೆ ತುಂಬಾ ಕಷ್ಟವಾಯಿತು. ಮೊದಲ ತಿಂಗಳು ಕುಕ್ಕರ್ ಗ್ಯಾಸ್ಕೆಟ್ ತಂದರು. ಇದು ಲೆಕ್ಕಕ್ಕೆ ಬರಲ್ಲ, ನಿಮಗಾಗಿ ಖರ್ಚು ಮಾಡಿ ಎಂದು ವಾಪಸ್ ಕಳಿಸಿದೆ. ಆಮೇಲೊಂದು ದಿನ ಸಂತೆಗೆ ಹೋದವರು ಹೋಟೆಲಿಗೆ ಒಬ್ಬರೇ ಹೋಗಿ ಮಸಾಲೆ ದೋಸೆ ತಿಂದಿದ್ದಾರೆ. ಅದನ್ನು ಹೇಳುವಾಗ ಕಣ್ಣು ತುಂಬಿತ್ತು. ‘ಮನೇಲಿ ನಾನು ತಿನ್ನೋದು ಯಾವಾಗಲೂ ಕೊನೇ ದೋಸೆ ಮೇಡಂ. ಬಿಸಿ ದೋಸೆ ತಿಂದು ಎಷ್ಟು ವರ್ಷ ಆಗಿತ್ತೋ.’

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಅವಳ ಸಿಟ್ಟು ನ್ಯಾಯವೇ. ಆ ಸಾಲಿಗೆ ಅಮ್ಮ ಕ್ಷಮೆ ಕೇಳಬೇಕಿತ್ತು, ಕೇಳಿದರು. ಆದರೆ 43,500 ಯಾರ ಹೆಸರಲ್ಲಿ ಕೂಡಿಟ್ಟಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ, ನೀವೇ ಹೇಳಿ ಎಂದು ಸುಮಿತ್ರಾಗೆ ಬಿಟ್ಟೆ. ಹೇಳಿದ್ದಾರೆ. ಮಗಳ ತಲೆಯಲ್ಲಿ ಈಗ ಅಮ್ಮನ ಉಪ್ಪಿನಕಾಯಿಯನ್ನು ಆನ್‌ಲೈನ್‌ನಲ್ಲಿ ಮಾರುವ ಯೋಚನೆ ಬಂದಿದೆ. ಸದ್ಯಕ್ಕೆ ಬೇಡ ಎಂದು ನನ್ನ ಅಭಿಪ್ರಾಯ ಹೇಳಿದ್ದೇನೆ. ಒಂದು ವರ್ಷ ಆ ಅಡುಗೆಮನೆ ಯಾವ ಲಾಭ ನಷ್ಟವೂ ಇಲ್ಲದೆ ಇರಲಿ. ಆಮೇಲೆ ಸುಮಿತ್ರಾಗೇ ಮನಸ್ಸಾದರೆ ನೋಡೋಣ.

ಪ್ರವಾಸದ ಬಗ್ಗೆಯೂ ಮಾತಾಡಿದೆವು. ಹರಕೆ ತೀರಿಸಲು ಅವರು ಮತ್ತೆ ಹೊರನಾಡಿಗೆ ಹೋಗಬೇಕಿತ್ತು. ಈ ಸಲದ ಯೋಜನೆಯನ್ನು ಮಕ್ಕಳೇ ಮಾಡಿದರು, ಸುಮಿತ್ರಾ ಒಂದು ಮೊತ್ತ ಹೇಳಿದರು ಅಷ್ಟೇ. ರಜೆಯ ದಿನ ಬಿಟ್ಟು ವಾರದ ಮಧ್ಯೆ ಹೊರಟರು. ಬಸ್ಸು ಖಾಲಿ, ಅದೇ ಫ್ರೀ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿ ಪಕ್ಕ ಸೀಟು. ಘಟ್ಟದ ದಾರಿಯ ಒಂದು ಭಾಗಕ್ಕೆ ಮಾತ್ರ ಅಜ್ಜಿಯ ಮಂಡಿಗೋಸ್ಕರ ಟ್ಯಾಕ್ಸಿ. ತಂಗಲು ದೇವಸ್ಥಾನದ ವಸತಿ. ಮಧ್ಯಾಹ್ನ, ರಾತ್ರಿ ಕ್ಷೇತ್ರದ ಊಟ. ಬುತ್ತಿಯನ್ನು ಸುಮಿತ್ರಾ ಈ ಸಲ ಬೇರೆ ಥರ ಕಟ್ಟಿದರು. ಮೊದಲ ಹೊತ್ತಿಗೆ ಹುಣಸೆಗೊಜ್ಜಿನ ಪುಳಿಯೋಗರೆ, ಆಮೇಲಿನ ದಾರಿಗೆ ಒಣ ಚಪಾತಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಮಿಡಿ ಉಪ್ಪಿನಕಾಯಿ. ಹಸಿ ಕಾಯಿ ಹಾಕಿದ್ದು ಏನೂ ಇಲ್ಲ, ಬೇಗ ಹಳಸುವುದು ಅದೇ. ಅಂದುಕೊಂಡ ಮೊತ್ತಕ್ಕಿಂತ ಸ್ವಲ್ಪ ಜಾಸ್ತಿಯಾಯಿತಂತೆ, ಟ್ಯಾಕ್ಸಿಯಿಂದ. ಯಾರಿಗೂ ವಾಂತಿ ಆಗಲಿಲ್ಲ.

ಇದೇ ಥರದ ಮನೆ ನಿಮ್ಮದೂ ಆಗಿದ್ದರೆ ಒಂದು ಮಾತು. ಉಳಿತಾಯ ಮಾಡುವವರನ್ನು ತಮಾಷೆ ಮಾಡಬೇಡಿ. ಅವರ ಹತ್ತಿರ ಎಷ್ಟಿದೆ ಎಂದು ಕೇಳುವ ಮೊದಲು ಯಾತಕ್ಕಾಗಿ ಎಂದು ಕೇಳಿ. ಊಟ, ಔಷಧಿ, ನಿದ್ದೆ ಇವುಗಳಲ್ಲಿ ಕಡಿತ ಶುರುವಾಗಿದ್ದರೆ ತಡ ಮಾಡದೆ ಆಪ್ತಸಲಹೆಗೆ ಬನ್ನಿ. ಹತ್ತಿರ ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

22 ಸಾವಿರ ಸುಮಿತ್ರಾ ಖಾತೆಗೆ ಜಮಾ ಆಗಿದೆ. ರಾತ್ರಿ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಮೂರು ತಿಂಗಳು ನೋಡಿ, ಹಾಗೇ ಇದ್ದರೆ ಮನೋವೈದ್ಯರಿಗೆ ತೋರಿಸೋಣ ಎಂದಿದ್ದೇನೆ, ಒಪ್ಪಿದ್ದಾರೆ. ಹಾಲಿನ ಕವರ್ ತೊಳೆದು ಒಣಗಿಸುವುದನ್ನು ಬಿಟ್ಟಿಲ್ಲ. ಬಿಡಬೇಕಾದ ಕಾರಣವೂ ಇಲ್ಲ. ತಮ್ಮನ ಹತ್ತಿರ ಟ್ರ್ಯಾಕ್ಟರ್ ದುಡ್ಡು ಕೇಳಲು ಗಂಡ ಇನ್ನೂ ಹಿಂಜರಿಯುತ್ತಿದ್ದಾರೆ. ಮುಂದಿನ ಭೇಟಿಗೆ ಅವರೊಬ್ಬರೇ ಬರುತ್ತಾರೆ, ಹೇಗೆ ಕೇಳುವುದು ಎಂದು ಮಾತಾಡಲು.